ಒಂದು ಬಕೆಟ್ಟು ಉಳಿದ ಬಣ್ಣ

ಆ ರಂಗಮಂದಿರದಲ್ಲಿ ರಂಗಸಜ್ಜಿಕೆಗೆ ಬಣ್ಣ ಬಳಿಯುವ ಅಜ್ಜನಿಗೆ ಬೆಳಿಗ್ಗೆಯೇ ಗ್ರಹಚಾರ ಕೆಟ್ಟಿತು. ಹನ್ನೊಂದು ಡಬ್ಬಿಗಳ ತಳದಲ್ಲಿ ಉಳಿದದ್ದನ್ನೆಲ್ಲ ಒಂದೇ ಬಕೆಟ್ಟಿಗೆ ಬಳಿದು, ಮೂವತ್ತು ವರ್ಷದ ಅಭ್ಯಾಸದಂತೆ ಮೋರಿಗೆ ಸುರಿಯಲು ಬಗ್ಗಿದ್ದ. ಬೆನ್ನ ಹಿಂದೆ ವ್ಯವಸ್ಥಾಪಕಿ ಕೆಮ್ಮಿದಳು.

“ಅಜ್ಜ, ಇವತ್ತಿಂದ ಒಂದು ಹನೀನೂ ಮೋರಿಗೆ ಹೋಗಕೂಡದು. ಆ ನೀರು ಹೊಳೆ ಸೇರುತ್ತೆ. ಉಳಿದದ್ದನ್ನ ಎಲ್ಲಿಗಾದ್ರೂ ಉಪಯೋಗಿಸಿ.”

“ಎಷ್ಟೊತ್ತಿನೊಳಗೆ ತಾಯಿ?”

“ಸಂಜೆಯೊಳಗೆ. ಆಗ್ಲಿಲ್ಲಾಂದ್ರೆ ಬಣ್ಣದ ಕೋಣೆ ಬೀಗದಕೈ ಬೇರೆಯವರಿಗೆ ಕೊಡ್ತೀನಿ.”

ಅಜ್ಜ ಬಕೆಟ್ಟನ್ನು ಮೋರಿಯಿಂದ ಹಿಂದಕ್ಕೆಳೆದ. ಹೆಂಡತಿ ತೀರಿಕೊಂಡ ಮೇಲೆ ಅವನು ಮನೆಗೆ ಹೋಗುತ್ತಿದ್ದುದು ಮಲಗುವುದಕ್ಕೆ ಮಾತ್ರ. ಬದುಕೆಲ್ಲ ಆ ಕೋಣೆಯಲ್ಲೇ.

ಬಕೆಟ್ಟಿಗೆ ಇಣುಕಿದ. ಕೆಸರಲ್ಲಿ ಹೊರಳಿದ ಎಮ್ಮೆಗೆ ನೆಗಡಿಯೂ ಆದಂತಿತ್ತು ಆ ಬಣ್ಣ.

ಪಕ್ಕದಲ್ಲೇ ಕೆಲಸ ಮಾಡುತ್ತಿದ್ದ ಬಡಗಿಗೆ ಕನಿಕರ ಹುಟ್ಟಿತು. “ಕೊಡು ಮಾವ, ನನ್ನ ದುಂಡು ಸ್ಟೂಲಿಗೆ ಎರಡು ಕೈ ಬಳೀತೀನಿ.” ಬಳಿದು, ಒಣಗಲೆಂದು ಬಾಗಿಲಲ್ಲಿಟ್ಟ. ದರ್ಜಿಯಕ್ಕ ಬಂದವಳೇ ನಾಟಕದ ರಾಣಿಯ ನಿಲುವಂಗಿಯನ್ನು ಅದರ ಮೇಲೆ ಹರಡಿದಳು. ಎತ್ತಿ ನೋಡಿದರೆ ರಾಣಿಯ ಹಿಂಭಾಗದಲ್ಲಿ ಹುಣ್ಣಿಮೆ!

“ಏ ಮುದುಕಪ್ಪಾ, ರಾಣಿ ಕೂತಿದ್ದು ಸಿಂಹಾಸನದ ಮೇಲೋ, ಕೊಟ್ಟಿಗೇಲೋ?”

“ಬಳಿದವನು ಬಡಗಿ ಕಣವ್ವ!”

“ಬಕೆಟ್ಟು ಯಾರದ್ದು?”

ಅವಳ ಕೈಯಲ್ಲಿ ಅಳತೆಕೋಲು ಕಂಡದ್ದೇ ತಡ, ಅಜ್ಜ ಬಕೆಟ್ಟು ಎತ್ತಿಕೊಂಡು ರಂಗದ ಮೇಲಿನ ಅರಮನೆ ಗೋಡೆಯ ಹಿಂದೆ ಅಡಗಿದ. ಅಲ್ಲಿ ಮೂಗಿನೆದುರಿಗೇ ಗೋಡೆಯ ಬರಿಯ ಹಲಗೆ. ಪ್ರೇಕ್ಷಕರು ಯಾರೂ ಕಾಣದ ಬದಿ. “ಭಗವಂತ, ನೀನೇ ಕೈಹಿಡಿದೆ,” ಎಂದು ಮೇಲೆ ನೋಡಿ ಕೈಮುಗಿದು, ಕುಂಚ ಅದ್ದಿದ. ಮಧ್ಯಾಹ್ನಕ್ಕೆ ಬಕೆಟ್ಟು ಬರಿದಾಯಿತು.

ಅಷ್ಟರಲ್ಲಿ ನಿರ್ದೇಶಕ ಆ ಕಡೆ ಬಂದ. ಗೋಡೆಯ ಬೆನ್ನು ನೋಡಿ ಕಂಬದಂತೆ ನಿಂತ.

“ತಪ್ಪಾಯ್ತು ಸ್ವಾಮಿ, ಹಿಂದುಗಡೆ ತಾನೇ ಅಂತ…”

“ತಪ್ಪಾ? ಸೋತ ರಾಜನ ಅರಮನೆ ಹೀಗಿರ್ಬೇಕು ಅಂತ ತಿಂಗಳಿಂದ ಕನವರಿಸ್ತಿದ್ದೀನಿ! ಮುಂದುಗಡೆಗೂ ಇದೇ ಬಳಿ. ಕಂಬಕ್ಕೂ ಇದೇ. ಕೂದಲೆಳೆಯಷ್ಟೂ ವ್ಯತ್ಯಾಸ ಆಗಬಾರದು. ನಾಳೆ ಪ್ರದರ್ಶನ!”

ಸುದ್ದಿ ಕೇಳಿ ವ್ಯವಸ್ಥಾಪಕಿ ಅಜ್ಜನ ಬೆನ್ನು ತಟ್ಟಿದಳು. ದರ್ಜಿಯಕ್ಕನೂ ಕೋಲು ಕೆಳಗಿಟ್ಟಳು.

ಆದರೆ ಯಾವ ಡಬ್ಬಿಯದು ಎಷ್ಟು ಬಿದ್ದಿತ್ತೋ, ಅಜ್ಜನಿಗೇ ಗೊತ್ತಿರಲಿಲ್ಲ. ಹನ್ನೊಂದು ಹೊಸ ಡಬ್ಬಿ ಒಡೆದು ಕಲಸಿದ. ಮೊದಲ ಬಕೆಟ್ಟು ಗಿಳಿಹಸಿರಾಯಿತು. ಎರಡನೆಯದು ಬದನೆಕಾಯಿ. ಮೂರನೆಯದಕ್ಕೆ ಹೆಸರೇ ಇರಲಿಲ್ಲ. ಆರನೆಯ ಸಲಕ್ಕೆ, ದೇವರ ದಯೆಯಿಂದ, ಅದೇ ನೆಗಡಿಯ ಎಮ್ಮೆ ಪ್ರತ್ಯಕ್ಷವಾಯಿತು.

ಸಂಜೆ ವ್ಯವಸ್ಥಾಪಕಿ ಕೋಣೆಗೆ ಬಂದಳು. ಗೋಡೆಯ ಬದಿಗೆ ಸಾಲಾಗಿ ನಿಂತಿದ್ದ, ಹದ ತಪ್ಪಿದ ಬಣ್ಣದ ತುಂಬು ಬಕೆಟ್ಟುಗಳನ್ನು ಬೆರಳು ಮಾಡಿ ಎಣಿಸತೊಡಗಿದಳು. ಬೆರಳು ಐದನೆಯದಕ್ಕೆ ಬರುವ ಮೊದಲೇ ಅಜ್ಜ ಬಾಯಿಬಿಟ್ಟ:

“ತಾಯಿ, ಮುಂದಿನ ನಾಟಕದಲ್ಲಿ ಸೋತ ರಾಜರು ಎಷ್ಟು ಜನ ಇದ್ದಾರೆ?”