ತಮ್ಮ ಕಾಲಧೂಳು ಒಂದು ಚಿಟಿಕೆ

‘ಕಿಲಾಡಿ ನೈನ್ತ್ ಬಿ’ ಎಂಬ ಇನ್‌ಸ್ಟಾಗ್ರಾಮ್ ಪುಟದ ಮಾನ್ಯ ಒಡೆಯರ ಸನ್ನಿಧಿಗೆ, ಕಲ್ಯಾಣದುರ್ಗದಿಂದ ಭಾರ್ಗವಿಯ ತಾಯಿ ತ್ರಿವೇಣಿ ಮಾಡುವ ನಮಸ್ಕಾರಗಳು. ತಮಗೆ ಮುಖವಿಲ್ಲ, ಹೆಸರಿಲ್ಲ, ಮನೆಬಾಗಿಲಿಲ್ಲ. ಯಾವ ಕಡೆ ತಿರುಗಿ ಕೈಮುಗಿಯಬೇಕೆಂದು ತಿಳಿಯದೆ ನಾಲ್ಕೂ ದಿಕ್ಕಿಗೆ ಮುಗಿದಿದ್ದೇನೆ.

ಮಾನ್ಯರೇ, ಶಾಲೆಯ ಧ್ವಜವಂದನೆಯ ದಿನ ನನ್ನ ಮಗಳಿಗೆ ಭಾಷಣದ ನಡುವೆ ಬಿಕ್ಕಳಿಕೆ ಬಂದದ್ದು ನಿಜ. ಮಿಕ್ಕವರು ನಕ್ಕು, ಮಿಠಾಯಿ ತಿಂದು ಮನೆಗೆ ಹೋದರು. ತಾವೊಬ್ಬರೇ ಆ ಬಿಕ್ಕಳಿಕೆಯ ಬೆಲೆಯರಿತು, ವಿಡಿಯೊದಿಂದ ಅದನ್ನಷ್ಟೇ ಕತ್ತರಿಸಿ, ಡೋಲಿನ ಸದ್ದು ಸೇರಿಸಿ ಊರಿಗೆಲ್ಲ ಹಂಚಿದಿರಿ. ಅಬ್ಬಾ, ಎಂಥ ಕಲಾಭಿಮಾನ! ಯಾರಾದರೂ ನೆನೆಸಿಕೊಂಡರೆ ಬಿಕ್ಕಳಿಕೆ ಬರುತ್ತದೆಂದು ಹಿರಿಯರು ಹೇಳುತ್ತಿದ್ದರು. ಬಿಕ್ಕಳಿಕೆ ನಿಂತ ಮೇಲೂ ಬಿಡದೆ ನೆನೆಸಿಕೊಳ್ಳುವವರನ್ನು ಈಗಲೇ ಕಂಡೆ. ಅವಳು ಬಸ್ ಹತ್ತಿದರೆ ಹಿಂದಿನ ಸೀಟಿನವರು ಬಿಕ್ಕುತ್ತಾರೆ, ತರಗತಿಯಲ್ಲಿ ಅವಳ ಹಾಜರಿ ಕೂಗಿದರೆ ಹುಡುಗರು ಬಿಕ್ಕುತ್ತಾರೆ. ಹಿಂದೂಪುರದ ಭಾಷಣ ಸ್ಪರ್ಧೆಗೆ ಆಯ್ಕೆಯಾಗಿದ್ದವಳು ಈಗ ಶಾಲೆಗೂ ಹೋಗದೆ ಮೂಲೆ ಹಿಡಿದಿದ್ದಾಳೆ. ಹೊಟ್ಟೆ ಉರಿಯುತ್ತದೆ ಮಾನ್ಯರೇ, ಮರ್ಯಾದೆಗೆ ಹೀಗೆ ಬರೆಯುತ್ತಿದ್ದೇನೆ ಅಷ್ಟೇ.

ವಿಷಯ ತಿಳಿದೊಡನೆ ನಮ್ಮ ಯಜಮಾನರು ಮಹಾಶೌರ್ಯದಿಂದ ಮಗಳ ಫೋನನ್ನೇ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದರು. ನಮ್ಮ ಅತ್ತೆ ಪೆದ್ದಕ್ಕ ಸುಮ್ಮನಿರುತ್ತಾರೆಯೇ? “ಕಳ್ಳ ಬಂದವ್ನೆ ಅಂದ್ರೆ ಮನೆಯೋರ್ನ ಕಟ್ಟಾಕ್ತೀಯೇನ್ಲಾ?” ಎಂದು ಮಗನನ್ನು ಗದರಿ ಬೀಗ ತೆಗೆಸಿದರು. ತಮ್ಮ ಕೃತಿಗಳ ಸ್ಕ್ರೀನ್‌ಶಾಟ್ ತೆಗೆದು ಹೆಡ್‌ಮಾಸ್ಟರಿಗೆ ತೋರಿಸಿದೆವು, ಸೈಬರ್ ಪೊಲೀಸರಿಗೂ ದೂರು ಕೊಟ್ಟೆವು. ಅತ್ತೆಗೆ ಮಾತ್ರ ಅಷ್ಟಕ್ಕೇ ಸಮಾಧಾನವಾಗಲಿಲ್ಲ.

ಅವರ ಪ್ರಕಾರ ಇದು ದೃಷ್ಟಿ. ಉಪ್ಪು, ಒಣಮೆಣಸಿನಕಾಯಿಯ ಜೊತೆ ಕೆಟ್ಟ ಕಣ್ಣು ಹಾಕಿದವರ ಕಾಲಧೂಳು ಸೇರಿಸಿ, ಮಗುವಿಗೆ ನಿವಾಳಿಸಿ ಒಲೆಗೆ ಹಾಕಬೇಕು. ತಮಗೋ ಕಾಲೇ ಇಲ್ಲ! ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಅಂಚೆಯಲ್ಲಾಗಲಿ, ತಮ್ಮ ಪುಟದಲ್ಲೇ ಅಪ್‌ಲೋಡ್ ಮಾಡಿಯಾಗಲಿ ಒಂದು ಚಿಟಿಕೆ ಧೂಳು ಕಳಿಸಿಕೊಡಬೇಕೆಂದು ಪ್ರಾರ್ಥನೆ.

ಧೂಳು ಕಳಿಸುವುದು ತಮ್ಮಿಂದ ಆಗುವ ಕೆಲಸವಲ್ಲವೆಂದು ಬಗೆದು ನಮ್ಮ ಅತ್ತೆಯೇ ಮೊರ ಹಿಡಿದು, ಆ ವಿಡಿಯೊ ಹಂಚಿದ ಮಕ್ಕಳ ಮನೆಮನೆಗೂ ಹೋದರು. “ನೀನೂ ನೋಡ್ದೆ ಅಲ್ವೇನಪ್ಪ, ಒಂಚೂರು ಕಾಲಧೂಳು ಕೊಟ್ಬುಡು, ನಮ್ಮುಡ್ಗಿ ಉಣ್ತಾ ಇಲ್ಲ” ಎಂದು ಕೇಳಿದರು. ಒಂದು ಬೈಗುಳವಿಲ್ಲ. ಬೈದಿದ್ದರೇ ಚೆನ್ನಾಗಿತ್ತೆಂದು ಒಬ್ಬ ಹುಡುಗನ ತಾಯಿ ಆದಿಲಕ್ಷ್ಮಿ ನನ್ನ ಮುಂದೆ ಅತ್ತರು. ಸಂಜೆಗೆ ಆ ಮಕ್ಕಳೇ ನಮ್ಮ ಬಾಗಿಲಿಗೆ ಬಂದು, ವಿಡಿಯೊ ಅಳಿಸಿದ್ದೇವೆಂದು ತಲೆ ತಗ್ಗಿಸಿ ನಿಂತರು. ಭಾರ್ಗವಿ ಒಳಗಿಂದ ಇಣುಕಿದಳು. ಆಮೇಲೆ ತಾನಾಗಿ ತಟ್ಟೆ ಹಾಕಿಕೊಂಡು ಮುದ್ದೆ ಉಂಡಳು.

ತಮ್ಮ ಪುಟ ಮಾತ್ರ ಇನ್ನೂ ಬಿಕ್ಕುತ್ತಲೇ ಇದೆ. ಅದಕ್ಕೆ ತಾವೇ ಒಂದು ಲೋಟ ನೀರು ಕುಡಿಸಿ ನಿಲ್ಲಿಸಬೇಕು. ಹಿಂದೂಪುರದ ಸ್ಪರ್ಧೆಯಲ್ಲಿ ಭಾರ್ಗವಿ ಮಾತಾಡುವ ದಿನ ಎಲ್ಲಿಂದಾದರೂ ಒಂದು ಮುಖ ಹೊಂದಿಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರಬೇಕು.

ಇಷ್ಟಾದರೂ ಎಳ್ಳಷ್ಟು ವಿಶ್ವಾಸ ಉಳಿಸಿಕೊಂಡಿರುವ
ತಮ್ಮ ವಿಶ್ವಾಸಿ,
ತ್ರಿವೇಣಿ

ಮರೆತ ಮಾತು: ಪತ್ರ ಮಡಿಸುವಷ್ಟರಲ್ಲಿ ಯಾರೋ ನಮ್ಮ ಹೊಸ್ತಿಲವರೆಗೆ ಬಂದು, ಅತ್ತೆ ಕೆಮ್ಮಿದ್ದೇ ತಡ ಬರಿಗಾಲಲ್ಲಿ ಓಡಿದರು. ಚಪ್ಪಲಿ ಇಲ್ಲೇ ಉಳಿದಿವೆ. ಸ್ವಲ್ಪ ಹೊತ್ತಿಗೆ ತಮ್ಮ ಪುಟವೂ ಮಾಯವಾಯಿತು. ಚಪ್ಪಲಿ ಕಂಡ ಕೂಡಲೇ ಭಾರ್ಗವಿಗೆ ಗುರುತು ಸಿಕ್ಕಿತು. ಅವಳದೇ ತರಗತಿಯ ಗೆಳತಿಯೊಬ್ಬಳದಂತೆ. ಯಾರೆಂದು ಕೇಳಿದರೆ, “ಬ್ಯಾಡ ಕಣಮ್ಮ, ಅವ್ಳೇ ಬಂದು ಹೇಳ್ಲಿ” ಎಂದಳು. ತಾವು ನನ್ನ ಮಗಳ ಬಿಕ್ಕಳಿಕೆಯನ್ನು ಊರಿಗೆಲ್ಲ ಕೇಳಿಸಿದಿರಿ. ಅವಳು ತಮ್ಮ ಹೆಸರನ್ನು ಹೆತ್ತ ತಾಯಿಗೂ ಹೇಳಲಿಲ್ಲ.