ಅಂಜಿದವರು ಒಬ್ಬರಾದರೂ ಬೇಕು

ದೆವ್ವದ ಸಿನಿಮಾ ನೋಡುವವರ ಬಗ್ಗೆ ನಾನು ಎಂ.ಫಿಲ್. ಮಾಡಿದ್ದೇನೆಂದು ಗೊತ್ತಾದ ಕೂಡಲೇ ಎದುರಿಗಿದ್ದವರು ಹತ್ತಿರ ಸರಿದು, ತಮ್ಮ ಪೈಕಿ ಇನ್ನಾರೋ ಹೇಗೆ ಹೆದರಿದ್ದರೆಂದು ಹೇಳತೊಡಗುತ್ತಾರೆ. ಮದುವೆಮನೆ, ಬಸ್ ಸ್ಟ್ಯಾಂಡು, ಎಲ್ಲೂ ಬಿಟ್ಟಿಲ್ಲ. ಹಲ್ಲಿನ ಡಾಕ್ಟರಂತೂ ನನ್ನ ಬಾಯಲ್ಲಿ ಇಕ್ಕಳ ಇಟ್ಟುಕೊಂಡೇ ತಮ್ಮ ಭಾವನ ಕಥೆ ಮುಗಿಸಿದರು. ತಾವೇ ಹೆದರಿದ್ದನ್ನು ಮಾತ್ರ ಯಾರೂ ಹೇಳುವುದಿಲ್ಲ. ನನ್ನ ಪ್ರಬಂಧ ಮುಳುಗುವಂತಾಗಿದ್ದೂ ಇದೇ ಕಾರಣಕ್ಕೆ.

ತೊಂಬತ್ತರ ದಶಕದ ಕೊನೆ. ಬೈಲಹೊಂಗಲದ ಒಂದು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿಯಾಗಿದ್ದೆ. ಆ ವರ್ಷ ಎಂ.ಫಿಲ್. ಮುಗಿದರೆ ಕೆಲಸ ಕಾಯಂ, ಇಲ್ಲದಿದ್ದರೆ ಜಾಗ ಇನ್ನೊಬ್ಬರಿಗೆ ಎಂದು ಪ್ರಿನ್ಸಿಪಾಲರು ಚಹಾ ಕುಡಿಸಿ ಹೇಳಿದ್ದರು. ನನ್ನ ಪ್ರಶ್ನಾವಳಿಯ ಎಂಟನೆಯ ಪ್ರಶ್ನೆ: ಈ ಚಿತ್ರ ನೋಡಿ ನಿಮಗೆ ಭಯವಾಯಿತೇ? ಒಂಬತ್ತನೆಯದು: ಹೌದಾದರೆ, ಕಾರಣವೇನು? ನೂರಾರು ಹಾಳೆ ತುಂಬಿದ್ದವು, ಒಂಬತ್ತನೆಯ ಜಾಗ ಎಲ್ಲದರಲ್ಲೂ ಖಾಲಿ. ನನ್ನ ಗೈಡು ಹಾಳೆಗಳನ್ನು ತಿರುವಿ ಹಾಕಿ ಕನ್ನಡಕ ತೆಗೆದರು.

"ಕಬ್ಬಿನ ಮ್ಯಾಲ ಪ್ರಬಂಧ ಬರೆದು, ಕಬ್ಬ ಸಿಗಲಿಲ್ಲ ಅಂದ್ರ ಹೆಂಗವಾ? ಅಂಜಿದವರು ಒಬ್ಬರಾದರೂ ಬೇಕು. ಇಲ್ಲಾಂದ್ರ ನಾ ಸಹಿ ಮಾಡೂದಿಲ್ಲ."

ಹೀಗೆ ನಾನು ಹೆದರಿದ ಮನುಷ್ಯನನ್ನು ಹುಡುಕುತ್ತ ನಾಲ್ಕು ಊರು ತಿರುಗಿದೆ.

ನೆಗೆಣ್ಣಿಯರು

ಮೊದಲು ಬೈಲಹೊಂಗಲ. ಮಧ್ಯಾಹ್ನದ ಶೋ. ನೇಸರಗಿಯಿಂದ ಅರಿವೆ ಕೊಳ್ಳಲು ಬಂದಿದ್ದ ಇಬ್ಬರು ನೆಗೆಣ್ಣಿಯರು, ಅಣ್ಣ-ತಮ್ಮಂದಿರ ಹೆಂಡಿರು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಟಾಕೀಸಿಗೆ ಬಂದು ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದರು. ಕಪಾಟಿನಿಂದ ದೆವ್ವ ಹೊರಗೆ ಬಂದದ್ದೇ ತಡ, ಇಬ್ಬರೂ ಒಟ್ಟಿಗೆ ಚೀರಿ ಒಂದೇ ಸೆರಗಿನೊಳಗೆ ತಲೆ ಹುದುಗಿಸಿದರು. ಸೆರಗು ಯಾರದೆಂದು ಕತ್ತಲಲ್ಲಿ ಕಾಣಲಿಲ್ಲ. ಇಂಟರ್ವಲ್ಲಿನಲ್ಲಿ ಆಸೆಯಿಂದ ಹಾಳೆ ಹಿಡಿದು ಹೋದೆ.

"ನಾ ಯಾಕ ಅಂಜಲಿ? ಈಕಿ ಅಂಜತಾಳಂತ ಈಕಿ ಮಾರಿ ಮುಚ್ಚಿದ್ನಿ" ಎಂದಳು ಹಿರಿಯಳು.

ಹಾಗಾದರೆ ಕಿರಿಯಳಾದರೂ ಹೆದರಿರಬೇಕಲ್ಲ ಎಂದು ಅವಳತ್ತ ತಿರುಗಿದೆ. ಅವಳು ಶೇಂಗಾ ಸುಲಿಯುತ್ತ, ಒಂದು ಕಾಳು ನನಗೂ ಕೊಟ್ಟು ಹೇಳಿದಳು: "ಇಲ್ರೀ ಅಕ್ಕಾರ. ಹಿರೇರು ಚೀರಿದ ಮ್ಯಾಲ ನಾ ಸುಮ್ಮ ಕುಂತ್ರ ಚಲೋ ಕಾಣೂದಿಲ್ಲಂತ, ಜೋಡಿ ನಾನೂ ಚೀರಿದ್ನಿ."

ಇಬ್ಬರ ಹಾಳೆಯಲ್ಲೂ ಬರೆದೆ: ಭಯ, ಇಲ್ಲ. ಮರ್ಯಾದೆ, ಇದೆ.

ಸುಟ್ಟ ಮೇಲೆ ಬಂದದ್ದು

ಆಗ ಎಷ್ಟೋ ಸಲ ಎರಡು ಊರಿನ ಟಾಕೀಸುಗಳು ಒಂದೇ ಪ್ರಿಂಟಿನಲ್ಲಿ ಸಂಸಾರ ಮಾಡುತ್ತಿದ್ದವು. ಅಲ್ಲಿ ತೋರಿಸಿ ಮುಗಿದ ರೀಲು ಮೋಟಾರ್‌ಸೈಕಲ್ ಮೇಲೆ ಇಲ್ಲಿಗೆ ಬರಬೇಕು. ಸವದತ್ತಿಯಲ್ಲಿ ನಾನು ಕೂತಿದ್ದ ದಿನ ಗಾಡಿ ಪಂಕ್ಚರ್ ಆಗಿ ರೀಲುಗಳು ತಡವಾದವು. ಸೀಟಿ ಜೋರಾಯಿತು. ಕೊನೆಗೆ ಬಂದ ಪೆಟ್ಟಿಗೆಯಿಂದ ಕೈಗೆ ಸಿಕ್ಕಿದ ರೀಲನ್ನು ಆಪರೇಟರು ಅವಸರದಲ್ಲಿ ಏರಿಸಿದರು. ಅದು ಕಡೆಯ ರೀಲು. ದೆವ್ವ ಧಗಧಗ ಸುಟ್ಟು ಬೂದಿಯಾಯಿತು. ಜನ ಚಪ್ಪಲಿ ಹುಡುಕಿಕೊಂಡು ಏಳುವಷ್ಟರಲ್ಲಿ, ಅದರ ಹಿಂದಿನ ರೀಲು ಶುರುವಾಯಿತು. ಬೂದಿಯಾಗಿದ್ದ ದೆವ್ವ, ಮೈಮೇಲೆ ಒಂದು ಗಾಯವಿಲ್ಲದೆ ಬಾಗಿಲು ತೆಗೆದುಕೊಂಡು ಒಳಗೆ ಬಂತು.

ಎದ್ದವರೆಲ್ಲ ಚಪ್ಪಲಿ ಬಿಟ್ಟು ಮತ್ತೆ ಕೂತರು. ಎಲ್ಲೋ ಹಿಂದೆ ಒಬ್ಬರು ಮೆಲ್ಲಗೆ, "ಸುಟ್ರೂ ಬಂತಲ್ಲಪಾ" ಎಂದರು. ನಾನು ಪೆನ್ನಿನ ಮುಚ್ಚಳ ತೆಗೆದು ಬಾಗಿಲಲ್ಲಿ ನಿಂತೆ. ಹೊರಗೆ ಬಂದವರೆಲ್ಲ ಬಾಜೂದವರು, ಅಂದರೆ ಪಕ್ಕದವರು, ಅಂಜಿದರು ಎಂದು ಹೇಳಿ ಹೋದರು.

ಮರುದಿನ ರೀಲುಗಳು ಸರಿಯಾದ ಕ್ರಮದಲ್ಲಿ ಓಡಿದವು. ಶೋ ಬಿಟ್ಟ ಮೇಲೆ ಮ್ಯಾನೇಜರ ಮುಂದೆ ಗುಂಪು. ನಿನ್ನೆ ಅಳಿಯ ನೋಡಿದಾಗ ಸುಟ್ಟ ಮೇಲೆ ಬಂದಿತ್ತಂತೆ, ನಮಗೇಕೆ ಬರಲಿಲ್ಲ ಎಂದು ಒಬ್ಬ ಯಜಮಾನರು ಪಟ್ಟು ಹಿಡಿದಿದ್ದರು. ಮ್ಯಾನೇಜರು ಮೇಲಿನ ಕೋಣೆಗೆ ಹೋಗಿ, ಇನ್ನು ದಿನಾ ನಿನ್ನೆಯಂತೆಯೇ ತೋರಿಸಲು ಹೇಳಿದರು. ಆಪರೇಟರು ಮೂವತ್ತು ವರ್ಷ ಅದೇ ಮಷೀನಿನ ಪಕ್ಕ ನಿಂತವರು. ಕೈ ಒರೆಸಿಕೊಂಡು ಅಂದರು:

"ತಪ್ಪ ಒಮ್ಮೆ ಆದ್ರ ನಾ ಮಾಡತೇನ್ರಿ ಸಾಹೇಬ್ರ. ದಿನಾ ಆಗಬೇಕಂದ್ರ ಅದಕ್ಕ ಡೈರೆಕ್ಟರ್‌ನ ಕರಸ್ರಿ."

ದೆವ್ವದ ಉಡಿ

ನೋಡುವವರು ಹೆದರದಿದ್ದರೆ ತೆಗೆಯುವವರಾದರೂ ಹೆದರಿರಬಹುದು ಎಂದುಕೊಂಡೆ. ರಾಮದುರ್ಗ ತಾಲೂಕಿನ ಸುರೇಬಾನದ ಕಡೆ ಗೌಡರ ದೊಡ್ಡ ಹಳೇ ವಾಡೆಯಲ್ಲಿ ದೆವ್ವದ ಚಿತ್ರದ ಶೂಟಿಂಗ್ ನಡೆಯುತ್ತಿತ್ತು, ಹೋದೆ.

ದೆವ್ವದ ಪಾತ್ರದ ಹುಡುಗಿ ಬಿಳಿ ಸೀರೆ ಉಟ್ಟು, ಕೂದಲು ಹರವಿಕೊಂಡು, ಬಾಯಿಗೆಲ್ಲ ರಕ್ತ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತಿದ್ದಳು. ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲವಂತೆ. ವಾಡೆಯ ಮನೆಯವರು, ಐವತ್ತು ದಾಟಿದ ಗೌಡತಿ, ಆಕೆಯನ್ನು ಒಳಗೆ ಕರೆದರು. ಮೊದಲು ಬಾಯಿ ತೊಳೆಸಿದರು. ರಕ್ತ ಹೋಯಿತು. ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಉಂಡ ಮೇಲೆ ಮುಂದೆ ಕೂರಿಸಿಕೊಂಡು, ತಲೆಗೆ ಎಣ್ಣೆ ಹಚ್ಚಿ ಬಿಗಿಯಾಗಿ ಹೆರಳು ಹಾಕಿ ಅಬ್ಬಲಿಗೆ ಮುಡಿಸಿದರು. ಹೊರಡುವಾಗ ಕುಂಕುಮ ಹಚ್ಚಿ, ಸೆರಗಿನ ಮಡಿಲಿಗೆ ಅಕ್ಕಿ, ತೆಂಗಿನಕಾಯಿ, ಕುಬುಸದ ಕಣ ಹಾಕಿ ಉಡಿ ತುಂಬಿ ಕಳಿಸಿದರು.

ಹೊರಗೆ ಬಂದ ದೆವ್ವವನ್ನು ನೋಡಿ ಡೈರೆಕ್ಟರು ಕುರ್ಚಿಯಲ್ಲಿ ಕುಸಿದರು. ಹೊತ್ತು ಇಳಿಯುತ್ತಿತ್ತು, ಕ್ಯಾಮೆರಾ ಮರುದಿನ ಬೇರೆಯವರಿಗೆ ಹೋಗುವುದಿತ್ತು. "ಅಮ್ಮಾರ, ಆಕಿ ದೆವ್ವ ಅದಾಳ್ರಿ" ಎಂದರು ಅಳುವ ದನಿಯಲ್ಲಿ.

"ಇರಲಿ ಬಿಡ್ರಿ" ಎಂದರು ಗೌಡತಿ. "ಮನಿಗೆ ಬಂದ ಹೆಣ್ಣಮಗಳು ತಲಿ ಕೆದರಕೊಂಡು ಬರಿ ಉಡೀಲೆ ಹೋದ್ರ ಮಂದಿ ಆಕಿಗೆ ಅನ್ನೂದಿಲ್ಲ, ನಮಗ ಅಂತಾರ."

ಹೆರಳು ಬಿಚ್ಚಿದರು. ಎಣ್ಣೆಗೆ ಕೂದಲು ಹಾರಲೇ ಇಲ್ಲ. ಉಡಿ ಬಿಚ್ಚಲು ಮಾತ್ರ ಹುಡುಗಿಯೇ ಒಪ್ಪಲಿಲ್ಲ, ಅಪಶಕುನ ಎಂದಳು. ವರ್ಷದ ಮೇಲೆ ಚಿತ್ರ ರಾಮದುರ್ಗಕ್ಕೆ ಬಂದಾಗ ಸುರೇಬಾನದವರೆಲ್ಲ ಬಸ್ಸು ತುಂಬಿ ಬಂದಿದ್ದರು. ಪರದೆಯ ಮೇಲೆ ದೆವ್ವ ನಾಯಕನ ಕುತ್ತಿಗೆ ಹಿಚುಕಲು ಒಂದು ಕೈ ಚಾಚಿ ಬರುತ್ತಿತ್ತು. ಇನ್ನೊಂದು ಕೈಯಲ್ಲಿ ತೆಂಗಿನಕಾಯಿ ಬೀಳದಂತೆ ಉಡಿ ಹಿಡಿದುಕೊಂಡಿತ್ತು.

ಒಂದೇ ಒಂದು ಹೌದು

ಆದರೆ ಆ ಚಿತ್ರ ಬರುವ ಮೊದಲೇ ನನ್ನ ಗಡುವು ಬಂದಿತ್ತು. ಇನ್ನು ಒಂದೇ ವಾರ ಉಳಿದಾಗ ಗೈಡು, ತಪ್ಪು ಪ್ರೇಕ್ಷಕರದಲ್ಲ, ನಾನು ಕೇಳುವ ರೀತಿಯದು ಎಂದು ತೀರ್ಮಾನಿಸಿ, ತಾವೇ ನನ್ನ ಜೊತೆ ಕಿತ್ತೂರಿಗೆ ಬಂದರು. ಮ್ಯಾಟಿನಿಗೆ ಕೂತೆವು. ನಾನು ಹೆಂಗಸರ ಕಡೆ, ಅವರು ನಡುವಿನ ದಾರಿಯಾಚೆ ಗಂಡಸರ ಕಡೆ. ಅವರ ಪಕ್ಕದಲ್ಲಿ ಸಂಪಗಾಂವದ ರೈತರೊಬ್ಬರು, ಏನೋ ಕೆಲಸಕ್ಕೆ ಬಂದು ದಣಿದವರು, ಹೆಸರುಗಳು ಬೀಳುವಾಗಲೇ ಮುಖಕ್ಕೆ ಟವೆಲ್ ಹಾಕಿಕೊಂಡು ಮಲಗಿಬಿಟ್ಟಿದ್ದರು.

ಬಾವಿಯಿಂದ ಕೈ ಮೇಲೆ ಬಂತು. ನಮ್ಮ ಗೈಡು ಪಕ್ಕದವರ ರಟ್ಟೆ ಹಿಡಿದುಕೊಂಡರು. ಟವೆಲ್ ಜಾರಿತು. ರೈತರು ಕಣ್ಣು ಬಿಟ್ಟರೆ, ಮೂಗಿನ ಹತ್ತಿರವೇ ಒಂದು ಬಾಯಿ ತೆರೆದ ಮುಖ, ಪರದೆಯ ಬೆಳಕಿಗೆ ಹೊಳೆಯುತ್ತಿರುವ ಎರಡು ದಪ್ಪ ಗಾಜು. ಅವರು ಚೀರಿದರು. ಅವರು ಚೀರಿದ್ದಕ್ಕೆ ಗೈಡು ಚೀರಿದರು. ಅದಕ್ಕೆ ಇಡೀ ಟಾಕೀಸು ಚೀರಿತು. ಅದೇ ಹೊತ್ತಿಗೆ ನಾಯಕಿಯೂ ಚೀರಿದಳು, ಯಾರಿಗೂ ಕೇಳಿಸಲಿಲ್ಲ.

ದೀಪ ಹಾಕಿದರು. ನಾನು ನನ್ನ ಕರ್ತವ್ಯ ಮಾಡಿದೆ, ಇಬ್ಬರಿಗೂ ಹಾಳೆ ಕೊಟ್ಟೆ. ಗೈಡು ಅಂದವಾದ ಅಕ್ಷರದಲ್ಲಿ ಬರೆದರು: ಇಲ್ಲ. ಪಕ್ಕದವರು ಹೆದರಿದ್ದರಿಂದ ಧೈರ್ಯ ತುಂಬಲು ಕೈ ಹಿಡಿಯಬೇಕಾಯಿತು.

ರೈತರು ನೀವೇ ಬರಕೋರಿ ಎಂದರು. ಎಂಟನೆಯ ಪ್ರಶ್ನೆ ಓದಿದೆ.

"ಅಂಜಿದ್ನಿರಿ. ಅದರಾಗ ನಾಚಿಕಿ ಏನೈತಿ?"

ಹೌದು ಎಂದು ಬರೆದೆ. ಕಾರಣ ಕೇಳಿದೆ.

"ಪಿಚ್ಚರ್ ನಾ ನೋಡೇ ಇಲ್ರಿ, ಮಕ್ಕೊಂಡಿದ್ನಿ. ಕಣ್ಣ ತಗದ್ರ ಈ ಸಾಹೇಬ್ರು ಅದಾರ."

ಹೇಳಿದ್ದನ್ನೇ ಬರೆಯಬೇಕು, ಅದು ಸಂಶೋಧನೆಯ ನಿಯಮ, ಗೈಡೇ ಕಲಿಸಿದ್ದು. ಬರೆದೆ. ಅವರು ಆ ಹಾಳೆಯನ್ನು ಎರಡು ಸಲ ಓದಿದರು, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು. ಇಷ್ಟರಲ್ಲಿ ಇದೊಂದೇ ಹೌದೇನು ಎಂದು ಕೇಳಿದರು. ಹೌದ್ರಿ ಸರ ಎಂದೆ. ನನ್ನ ಪೆನ್ನು ತೆಗೆದುಕೊಂಡು ಸಹಿ ಮಾಡಿದರು.

ಮೌಖಿಕ ಪರೀಕ್ಷೆಗೆ ಬೇರೆ ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕರು ನೇರವಾಗಿ ಆ ಪುಟವನ್ನೇ ತೆಗೆದರು. ಭಯಪಟ್ಟವರು, ಒಬ್ಬರು. ಕಾರಣ, ಮಾರ್ಗದರ್ಶಕರು. ಅವರು ಗೈಡನ್ನು ನೋಡಿದರು, ನನ್ನನ್ನು ನೋಡಿದರು. ಕೆಲಸ ಕಾಯಂ ಆಗುವ ಮಾತು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಗೈಡಿಗೆ ಅಂಜಿದವರು ಒಬ್ಬರ ಅಂತ ಬರದೀರಿ. ನಿಮ್ಮನ್ನ ಯಾಕ ಲೆಕ್ಕಕ್ಕ ಹಿಡದಿಲ್ಲ?"

ಗೈಡು ನನ್ನ ಪಕ್ಕದಲ್ಲೇ ಕೂತಿದ್ದರು.

"ನಾ ಅಂಜಿಲ್ರೀ ಸರ" ಎಂದೆ. "ಬಾಜೂದವರು ಅಂಜಿದ್ರು."