ಭಾವನ ಪಟ್ಟಿಯಲ್ಲಿ ನಿಂತವರು

ನನ್ನ ಭಾವನಿಗೆ ಮಾತೇ ಬರುವುದಿಲ್ಲ ಅನ್ನುವವರು ಸುಳ್ಳರು. ಬದುಕಿರುವವರ ಹತ್ತಿರ ಬರುವುದಿಲ್ಲ, ಅಷ್ಟೆ!

ಮಧುಗಿರಿಯ ಒಂದು ಕೋಣೆಯಲ್ಲಿ ಅವರ ಸರ್ವರ್ ಇದೆ. ಸುತ್ತಲ ಊರುಗಳ ಬೋರ್‌ವೆಲ್ ಮೋಟಾರುಗಳೆಲ್ಲ ಅದಕ್ಕೆ ಸೇರಿಕೊಂಡಿವೆ. ಮನೆಯಲ್ಲೇ ಕೂತು ಫೋನ್ ಒತ್ತಿದರೆ ತೋಟದಲ್ಲಿ ನೀರು. ತ್ರೀಫೇಸ್ ಕರೆಂಟ್ ಬಂದ ಕ್ಷಣ ಎಲ್ಲವೂ ಒಟ್ಟಿಗೆ ಸರ್ವರಿನ ಬಾಗಿಲು ಬಡಿಯುತ್ತವೆ. ಸಾವಿರದ ಇಪ್ಪತ್ನಾಲ್ಕು ಸಂಪರ್ಕಗಳ ಮೇಲೆ ಒಂದನ್ನೂ ಒಳಗೆ ಬಿಡೆನೆಂದು ಆಪರೇಟಿಂಗ್ ಸಿಸ್ಟಂ ಹಟ ಹಿಡಿದಾಗ ಭಾವ ಮಿತಿ ಏರಿಸಿದರು, ಹೊರಗೆ ಕಾಯುವ ಸಾಲು ಉದ್ದ ಮಾಡಿದರು. ಸ್ವಂತ ಮದುವೆಯ ಪಂಕ್ತಿಗೂ ಇಷ್ಟು ಮುತುವರ್ಜಿ ತೋರಿರಲಿಲ್ಲ!

ಒಂದು ಮಧ್ಯಾಹ್ನ ಹೋದೆ. ಪರದೆ ತುಂಬ ಪಟ್ಟಿ.

"ಇಷ್ಟೊಂದು ಗಿರಾಕಿಗಳಾ ಭಾವ?"

"ಅರ್ಧಕ್ಕರ್ಧ ಸತ್ತೋಗವೆ ಕಣಯ್ಯಾ."

ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬ ದಿಗಿಲಿಗೇ ಸಿರಾದಿಂದ ವಾಪಸು ಬಂದವನು ನಾನು. ನನಗೆ ಹೇಳುವ ಮಾತೇ ಇದು?

"ಕರೆಂಟ್ ಹೋದ್ರೆ ಮೋಟ್ರು 'ಹೋಗ್ಬರ್ತೀನಿ' ಅನ್ನದೆ ಸಾಯ್ತದೆ. ಬಂದಾಗ ಹೊಸದಾಗಿ ಹುಟ್ಟಿ ಬರ್ತದೆ. ಹಳೇದು ಈ ಪಟ್ಟೀಲೇ ನಿಂತಿರ್ತದೆ. 'ಇದೀಯಾ?' ಅಂತ ನಾವು ಕೇಳೋಗಂಟ ಸತ್ತಿದ್ದು ಯಾರಿಗೂ ಗೊತ್ತಾಗಲ್ಲ."

"ಮತ್ತೆ ಕೇಳಿ!"

"ಕೇಳೋದು ನಿಲ್ಲಿಸ್ಬುಟ್ಟಿದೀನಿ."

ಅಷ್ಟರಲ್ಲಿ ಫೋನು. ಬಡವನಹಳ್ಳಿಯ ಹೂವಿನ ತೋಟದ ಹೆಂಗಸು. "ಅಣ್ಣಾ, ಕಾಲು ಮುರ್ಕೊಂಡು ಮನೇಲಿ ಬಿದ್ದೀನಿ. ಗಿಡ ಸುಟ್ಟೋಗ್ತಾವೆ, ಮೋಟ್ರು ಅಲ್ಲಾಡ್ತಿಲ್ಲ. ನಿನ್ ಕಂಪ್ಯೂಟ್ರೊಳ್ಗೆ ಯಾರ್ ಕುಂತವ್ರೆ?"

ಸರ್ವರಿನ ಮೆಮೊರಿ ಭರ್ತಿ; ಸತ್ತವರು ಎದ್ದು ಹೋದರೆ ತಾನೆ ಬದುಕಿದವರಿಗೆ ಜಾಗ?

ಭಾವ ಮೊದಲ ಸಾಲಿಗೆ ಬೆರಳಿಟ್ಟರು. ನಿಡುಗಲ್. ಅವರ ಅವ್ವನ ತೋಟದ ಮೋಟಾರು. ಅವ್ವ ಹೋಗಿ ವರ್ಷವಾಗಿದೆ, ಬೋರ್‌ವೆಲ್ ಮುಚ್ಚಿದೆ. ಮೋಟಾರಿನ ಪೆಟ್ಟಿಗೆ ವೈರು ಕಿತ್ತುಕೊಂಡು ನಮ್ಮ ತಲೆಯ ಮೇಲಿನ ಅಟ್ಟದಲ್ಲೇ ಬಿದ್ದಿದೆ. ಪರದೆ ಮಾತ್ರ ಅನ್ನುತ್ತಿದೆ: ಸಂಪರ್ಕದಲ್ಲಿದೆ.

"ಇದೊಂದನ್ನು ಬಿಟ್ಟು ಉಳಿದವರನ್ನ ಕೇಳೋಕಾಗಲ್ವಾ?"

"ಆಗ್ತದೆ. ಆದ್ರೆ ಅವಳೊಬ್ಬಳ್ನೇ ಬಿಟ್ರೆ, ಸತ್ತವಳೆ ಅಂತ ನಾನೇ ಬರ್ಕೊಟ್ಟಂಗೆ."

ಫೋನು ಮತ್ತೆ ಹೊಡೆದುಕೊಂಡಿತು. ಭಾವ ನಿಧಾನಕ್ಕೆ ಟೈಪು ಮಾಡಿದರು: ಎಲ್ಲರನ್ನೂ ಮೂರು ಸಲ ಕೇಳು, ಉತ್ತರ ಬಾರದಿದ್ದರೆ ತೆಗೆ.

ಒಂದು. ಪಟ್ಟಿ ಅಲುಗಲಿಲ್ಲ. ಎರಡು. ನಾನು ಅಟ್ಟದತ್ತ ನೋಡದಂತೆ ಕತ್ತು ಬಿಗಿಹಿಡಿದೆ. ಮೂರನೆಯದಕ್ಕೆ ಭಾವ ತಾವೇ ಬಾಯಿಬಿಟ್ಟು ಕೇಳಿದರು:

"ಅವ್ವಾ, ಇದೀಯೇನೆ?"

ಸಾಲುಗಳು ಸದ್ದಿಲ್ಲದೆ ಮಾಯವಾದವು. ಖಾಲಿಯಾದ ಜಾಗಕ್ಕೆ ಬಡವನಹಳ್ಳಿ ಬಂದು ನಿಂತಿತು.

ಭಾವ ಹೆಗಲ ಟವೆಲ್ ತೆಗೆದರು. ಕಣ್ಣೊರೆಸಿಕೊಳ್ಳುತ್ತಾರೇನೋ ಅಂದುಕೊಂಡೆ. ಅವರು ಪರದೆ ಒರೆಸಿದರು, ಮೊದಲ ಸಾಲು ಇದ್ದಲ್ಲಿ, ಮಗುವಿನ ಮುಖ ಒರೆಸಿದಷ್ಟು ಹಗುರವಾಗಿ.